ಚೊಗರಿನ ಬಣ್ಣದ ಕಾರು

ಹೆಂಡತಿಯನ್ನು ನಾಲ್ಕು ಜನರ ಎದುರು ಹೊಗಳಿ ನನಗೆ ಅಭ್ಯಾಸವಿಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇನೆ, ಅಷ್ಟರಲ್ಲಿ ಅವಳೇ ತಿಳಿದುಕೊಳ್ಳಬೇಕು. ಆದರೆ ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಹಳೆಯ ಕಾರು ಮತ್ತೆ ಕಾರಾದ ಸಂಗತಿಯನ್ನು ಬರೆಯಲು ಕೂತರೆ ಅವಳನ್ನು ಹೊಗಳದೆ ಒಂದು ಪುಟವೂ ಮುಂದೆ ಹೋಗುವುದಿಲ್ಲ. ನಾನು ಮೊದಲಿನಿಂದಲೂ ಸಿಡುಕ. ಹೊಗಳುವಾಗ ನಡುವೆ ಒಂದೆರಡು ಬೈಗುಳ ಬಂದರೆ ಓದುವವರು ಸಹಿಸಿಕೊಳ್ಳಬೇಕು.

ಕೊಪ್ಪದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಬಾಡಿಗೆ ಹೊಡೆದವನು ನಾನು. ಕಾರು ಅಂಬಾಸಿಡರ್, ಹಳೆಯ ಪೆಟ್ರೋಲ್ ಗಾಡಿ, ಗೇರು ಸ್ಟೇರಿಂಗಿನ ಪಕ್ಕದಲ್ಲೇ. ನಾನು ತೆಗೆದುಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಶೃಂಗೇರಿಗೆ ದರ್ಶನಕ್ಕೆ ಹೊರಟವರು, ಎನ್.ಆರ್.ಪುರಕ್ಕೆ ಮದುವೆಗೆ ಹೋಗುವವರು, ಹೆರಿಗೆ ನೋವು ಶುರುವಾದ ಹೆಂಗಸರು, ಎಲ್ಲರೂ ಅದರಲ್ಲಿ ಕೂತಿದ್ದಾರೆ. ಸ್ಟ್ಯಾಂಡಿಗೆ ಹೊಸ ಹೊಸ ಗಾಡಿಗಳು ಬಂದು ನಿಂತ ಮೇಲೂ ನನ್ನದನ್ನೇ ಹುಡುಕಿಕೊಂಡು ಬರುವ ಗಿರಾಕಿಗಳಿದ್ದರು. ಗಾಡಿ ಹಳೆಯದು, ಡ್ರೈವರ್ ಸಿಡುಕ, ಆದರೂ ಸಮಯಕ್ಕೆ ತಲುಪಿಸುತ್ತಾನೆ ಎಂಬುದು ನನ್ನ ಖ್ಯಾತಿ.

ನಾಲ್ಕು ವರ್ಷದ ಹಿಂದೆ ಎಡಗಾಲಿಗೆ ಮೊಳೆ ಚುಚ್ಚಿತು. ಮೈಯಲ್ಲಿ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಹೇಳಿದಳು. ಮೊಳೆ ಚುಚ್ಚಿದ್ದಕ್ಕೆಲ್ಲ ಡಾಕ್ಟರಾ ಎಂದು ರೇಗಿ, ಅರಿಸಿನ ಹಚ್ಚಿಕೊಂಡು ಬಾಡಿಗೆಗೆ ಹೋದೆ. ಹೀಗೆ ಮೂರು ವಾರ ಕಳೆಯಿತು. ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ. ಆಮೇಲೆ ಹಾಕಿಕೊಳ್ಳುವ ಕಾಲು ಕೊಟ್ಟರು, ನಡೆಯುವುದನ್ನು ಕಲಿತೆ. ಆದರೆ ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಡ್ರೈವರಿಗೆ ಅಂಗಾಲಿನಲ್ಲಿ ಗೊತ್ತಾಗಬೇಕು. ಆ ಅಂಗಾಲೇ ಇರಲಿಲ್ಲ.

ಕೊಪ್ಪದ ಹತ್ತಿರವೇ ಇರುವ ಬಾಳಗಡಿಯ ನಮ್ಮ ಮನೆಯ ಪಕ್ಕದ ಶೆಡ್ಡಿಗೆ ಕಾರನ್ನು ತಳ್ಳಿಸಿ ಟಾರ್ಪಾಲು ಹೊದಿಸಿದೆ. ಮತ್ತೆ ನಾನು ಜಗಲಿ ಬಿಟ್ಟು ಇಳಿದದ್ದು ಕಡಿಮೆ. ಸ್ಟ್ಯಾಂಡಿನ ಗೆಳೆಯರು ತಮ್ಮ ಗಾಡಿ ತಂದು ನಿಲ್ಲಿಸಿ, "ಬಾ ಮಾರಾಯ, ಒಂದು ರೌಂಡ್ ಹೋಗಿ ಬರಣ" ಎಂದರೆ, "ಬೇರೆಯವರ ಗಾಡೀಲಿ ಕೂರಕ್ಕೆ ನಾನೆಂತ ಗಿರಾಕಿಯಾ?" ಎಂದು ಅಟ್ಟುತ್ತಿದ್ದೆ. ಬರಬರುತ್ತಾ ಅವರೂ ಬರುವುದನ್ನು ಬಿಟ್ಟರು. ಜಗಲಿಯಲ್ಲಿ ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ಗೇರು ಬದಲಾಗುವ ಶಬ್ದ ಕೇಳಿ, ಇವನಿಗೆ ಓಡಿಸಲು ಬರುವುದಿಲ್ಲ, ಅವನು ಎಂಜಿನ್ ಸಾಯಿಸುತ್ತಾನೆ ಎಂದು ಗೊಣಗುವುದೇ ನನ್ನ ಉದ್ಯೋಗವಾಯಿತು.

ಹೆಂಡತಿಗೆ ಬಾಳಗಡಿಯಲ್ಲೇ ಒಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಕಾಲೇಜು ಹುಡುಗಿಯರ ಚೂಡಿದಾರ, ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಕಳೆದ ವರ್ಷ ಅಡಿಕೆ ಕೊಯ್ಲು ಮುಗಿಯುತ್ತಿದ್ದ ಸಮಯದಲ್ಲಿ ಎನ್.ಆರ್.ಪುರದ ಹತ್ತಿರದ ತವರಿಗೆ ಹೋದವಳು ವಾಪಸು ಬರುವಾಗ ಒಬ್ಬಳೇ ಬರಲಿಲ್ಲ. ಒಂದು ಗೂಡ್ಸ್ ಆಟೋ ಬಂದು ಶೆಡ್ಡಿನ ಮುಂದೆ ನಿಂತಿತು. ಹಿಂದೆ ಗ್ಯಾಸ್ ವೆಲ್ಡಿಂಗ್ ಸೆಟ್ಟು, ಒಂದು ಪೆಟ್ಟಿಗೆ ತುಂಬಾ ಸ್ಪಾನರು, ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು. ಮುಂದೆ ಅವಳೂ ಅವಳ ಅಣ್ಣನೂ. ಈ ಭಾವ ಮೂವತ್ತು ವರ್ಷ ಗ್ಯಾರೇಜು ನಡೆಸಿ, ಕಿವಿ ಮಂದವಾದ ಮೇಲೆ ಬಾಗಿಲು ಹಾಕಿದವರು. ಎಂಜಿನ್ನಿನ ಮೇಲೆ ಕೈಯಿಟ್ಟು ರೋಗ ಹೇಳುವಂಥ ಮೆಕ್ಯಾನಿಕ್. ಮಾತು ಮಾತ್ರ ತೂಕ ಮಾಡಿ ಕೊಡುತ್ತಾರೆ.

"ಎಂತ ಭಾವ, ಸಾಮಾನು ಸಮೇತ ಬಂದಿದ್ದು?" ಎಂದು ಕೇಳಿದೆ.

"ತಂಗಿ ಕರೆದ್ಲು," ಎಂದರು.

ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾ, "ಕಾರು ರಿಪೇರಿ ಮಾಡ್ತೀವಿ," ಎಂದಳು.

"ಓಡಿಸೋದು ಯಾರು?"

"ನೀವು."

"ಕಾಲು?"

"ಕಾಲಿಲ್ಲ ಅಂತ ನಂಗೂ ಗೊತ್ತು ಮಾರಾಯ್ರೆ. ದಿನಾ ಬೆಳಿಗ್ಗೆ ಅದಕ್ಕೆ ಬಟ್ಟೆ ಸುತ್ತೋದು ನಾನೇ ಅಲ್ವಾ? ಕೈ ಇದೆಯಲ್ಲ ಎರಡು." ಆಮೇಲೆ ಬೆರಳು ಎತ್ತಿ ಹೇಳಿದಳು, "ಮಳೆ ಹಿಡಿಯೋದ್ರೊಳಗೆ ನೀವು ಈ ಗಾಡೀನ ರಸ್ತೆಗೆ ಇಳಿಸ್ಬೇಕು. ಇಲ್ದಿದ್ರೆ ಗುಜರಿಯವನಿಗೆ ನಾನೇ ಫೋನ್ ಮಾಡ್ತೀನಿ. ಜಗಲಿ ಮೇಲೊಂದು, ಶೆಡ್ಡಲ್ಲೊಂದು, ಎರಡೂ ತುಕ್ಕು ಹಿಡಿಯೋದು ನೋಡಕ್ಕೆ ನನ್ನಿಂದ ಆಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಎದ್ದು ಒಳಗೆ ಹೋದೆ.

ಮಾರನೆಯ ದಿನ ಟಾರ್ಪಾಲು ತೆಗೆದರು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆಯಿಟ್ಟಿತ್ತು. ಮುಂದಿನ ಸೀಟಿನ ನಾರನ್ನು ಇಲಿಗಳು ಎಳೆದು ಬಾನೆಟ್ಟಿನೊಳಗೆ ಸಂಸಾರ ಹೂಡಿದ್ದವು. ಕ್ಲಚ್ ಪೆಡಲಿನ ಕೆಳಗೆ ಗೆದ್ದಲು ಹುತ್ತ ಕಟ್ಟಲು ಶುರುಮಾಡಿತ್ತು. ಚಾಪೆ ಎತ್ತಿದರೆ ನೆಲದ ತಗಡಿನ ತೂತಿನಲ್ಲಿ ಶೆಡ್ಡಿನ ಮಣ್ಣು ಕಾಣುತ್ತಿತ್ತು. ಭಾವ ಎಲ್ಲ ನೋಡಿ, "ಆಗ್ತದೆ," ಎಂದರು. ನನಗೆ ಅದೇ ಭಯವಾಗಿದ್ದು.

ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಆ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದಾಗ ನಾನು ಕೋಲು ಊರಿಕೊಂಡು ಶೆಡ್ಡಿಗೆ ಹೋದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಂಚುವ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಹೆಬ್ಬೆರಳಿನ ಗಾತ್ರದ ರೋಟರ್ ಎಂಬ ತುಂಡು. ಅದಿಲ್ಲದಿದ್ದರೆ ಎಂಥ ಮೆಕ್ಯಾನಿಕ್ ಬಂದರೂ ಗಾಡಿ ಸ್ಟಾರ್ಟ್ ಆಗದು. ಅದನ್ನು ಕಿತ್ತು ನನ್ನ ಶೇವಿಂಗ್ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ಕಾರು ರಿಪೇರಿಯಾಗದಿದ್ದರೆ ನಾನು ಕಾಲಿಲ್ಲದ್ದಕ್ಕೆ ಓಡಿಸದವನು. ರಿಪೇರಿಯಾದ ಮೇಲೂ ಓಡಿಸಲಾಗದಿದ್ದರೆ? ಇಪ್ಪತ್ತೆಂಟು ವರ್ಷ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಬುದ್ಧಿ ಹೇಳಿದವನು ಸ್ಟೇರಿಂಗಿನ ಮುಂದೆ ಕೂತು ನಡುಗುವುದನ್ನು ಅವಳು ನೋಡಬೇಕಾಗುತ್ತಿತ್ತು. ಅದಕ್ಕಿಂತ ಕಳ್ಳನಾಗುವುದೇ ಮೇಲು ಎನ್ನಿಸಿತು.

ಅವರು ಕೆಲಸ ಶುರುಮಾಡಿದರು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಶೆಡ್ಡು, ಇದು ಹೆಂಡತಿಯ ದಿನಚರಿ. ಭಾವ ತಗಡು ಕತ್ತರಿಸಿ ನೆಲಕ್ಕೆ ತೇಪೆ ಹಾಕಿ ಬೆಸುಗೆ ಹಾಕಿದರು. ತೇಪೆ ಹಾಕುವಷ್ಟು ಕೆಟ್ಟಿರದ, ಆದರೆ ತುಕ್ಕು ಹಿಡಿದ ಜಾಗಗಳಿಗೆ ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಹೆಂಡತಿ ತವರಿನಿಂದ ತಂದ ಕ್ಯಾನಿನ ಮುಚ್ಚಳ ತೆಗೆದಳು. ಗಮ್ಮೆಂದು ಹುಳಿ ವಾಸನೆ. ಒಳಗಿದ್ದದ್ದು ಚೊಗರು. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು ಕಾಯ್ದು ಕಾಯ್ದು ಗಟ್ಟಿಯಾಗಿ ಚೊಗರಾಗುತ್ತದೆ. ಅದನ್ನು ಅಡಿಕೆಗೆ ಹಚ್ಚಿ ಒಣಗಿಸಿದರೆ ಬಣ್ಣ ಬರುತ್ತದೆ, ಹೊಳಪು ಬರುತ್ತದೆ.

"ಕಾರಿಗೆ ಚೊಗರು ಹಚ್ತಾಳಂತೆ! ಆಮೇಲೆ ಅಡಿಕೆ ಮಂಡಿಗೆ ಹಾಕ್ತೀಯಾ?" ಎಂದು ನಾನು ಜಗಲಿಯಿಂದಲೇ ಕೂಗಿದೆ.

"ಅಮ್ಮನ ಅಡಿಕೆ ಸುಲಿಯೋ ಕತ್ತಿ ನೋಡಿದೀರಾ?" ಎಂದಳು. "ಚೊಗರು ಕುಡಿದು ಕುಡಿದು ಕಪ್ಪಾಗಿದೆ. ನಾನು ಹುಟ್ಟಿದಾಗಿಂದ ಅದಕ್ಕೆ ತುಕ್ಕು ಹಿಡಿದಿದ್ದು ನಾನು ಕಂಡಿಲ್ಲ."

ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಚೊಗರು ಬಳಿದಳು. ಸಂಜೆಯಾಗುವಷ್ಟರಲ್ಲಿ ಕೆಂಪು ತುಕ್ಕು ಹೋಗಿ ಆ ಜಾಗವೆಲ್ಲ ಕಾಡಿಗೆಯಂತೆ ಕಪ್ಪಾಯಿತು. ಭಾವ ಉಗುರಿನಲ್ಲಿ ಕೆರೆದು ನೋಡಿದರು. ಬರಲಿಲ್ಲ. ಮೂವತ್ತು ವರ್ಷ ಗ್ಯಾರೇಜು ನಡೆಸಿದವರು ತಂಗಿಯ ಮುಖವನ್ನೊಮ್ಮೆ, ಕ್ಯಾನನ್ನೊಮ್ಮೆ ನೋಡಿ, "ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು. ಭಾವನ ಬಾಯಿಂದ ಅದಕ್ಕಿಂತ ದೊಡ್ಡ ಪ್ರಶಂಸೆ ನಾನು ಕೇಳಿಲ್ಲ. ಒಳಗೊಳಗೇ ನನಗೂ ಹೆಮ್ಮೆಯಾಯಿತು, ತೋರಿಸಲಿಲ್ಲ.

ಎಂಜಿನ್ ಕೆಲಸ ಮುಗಿಸಿ ಭಾವ ಚಾವಿ ತಿರುಗಿಸಿದ ದಿನ ನಿರೀಕ್ಷಿಸಿದಂತೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಅವರು ಒಂದೊಂದೇ ತಂತಿ ನೋಡುತ್ತಾ ಕೊನೆಗೆ ಆ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ನೋಡಿದರು. ಆಮೇಲೆ ತಲೆಯೆತ್ತಿ ಜಗಲಿಯ ಮೇಲಿದ್ದ ನನ್ನನ್ನು ನೋಡಿದರು.

"ರೋಟರ್ ಇಲ್ಲ. ಇಲಿ ತಗೊಂಡು ಹೋಗಿರ್ಬೇಕು," ಎಂದರು.

"ಹೌದಾ?" ಎಂದಳು ಹೆಂಡತಿ. "ಇಲಿಗೆ ಬುದ್ಧಿ ಬಂದಾಗ ತಂದಿಡ್ತದೆ ಬಿಡಣ್ಣ. ನಾವು ಅಷ್ಟರಲ್ಲಿ ಕ್ಲಚ್ ಕೆಲ್ಸ ಮಾಡಣ."

ನಾನು ಪೇಪರನ್ನು ಮುಖದ ಮುಂದೆ ಹಿಡಿದುಕೊಂಡೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವರಿಬ್ಬರೂ ಬೈಯಲೇ ಇಲ್ಲ.

ಕ್ಲಚ್ಚಿಗೆ ಅವರು ಹೂಡಿದ ಉಪಾಯ ಹೀಗಿತ್ತು. ಗುಜರಿಗೆ ಹೋದ ಒಂದು ಜೀಪಿನ ಹ್ಯಾಂಡ್ ಬ್ರೇಕ್ ಲಿವರನ್ನು ಭಾವ ಎಲ್ಲಿಂದಲೋ ತಂದಿದ್ದರು. ಅದನ್ನು ಡ್ರೈವರಿನ ಎಡಗೈ ಬಳಿ ನಿಲ್ಲಿಸಿ, ಕೆಳಗಿನಿಂದ ಒಂದು ಸರಳನ್ನು ಕ್ಲಚ್ ಪೆಡಲಿಗೆ ಜೋಡಿಸುವುದು. ಲಿವರ್ ಎಳೆದರೆ ಪೆಡಲು ಕೆಳಗಿಳಿದು ಅಲ್ಲೇ ಕಚ್ಚಿ ನಿಲ್ಲುತ್ತದೆ. ಅಷ್ಟರಲ್ಲಿ ಅದೇ ಎಡಗೈಯಿಂದ ಗೇರು ಹಾಕಬಹುದು. ಮತ್ತೆ ಲಿವರ್ ಹಿಡಿದು ತುದಿಯ ಗುಂಡಿ ಒತ್ತಿ ನಿಧಾನವಾಗಿ ಬಿಟ್ಟರೆ ಗಾಡಿ ಹೊರಡುತ್ತದೆ. ಬ್ರೇಕು, ಆಕ್ಸಿಲೇಟರು ಹೇಗೂ ಬಲಗಾಲಿನವು. ಪೆಡಲೂ ಇದ್ದಲ್ಲೇ ಇರುತ್ತದೆ, ಎರಡು ಕಾಲಿದ್ದವರೂ ಓಡಿಸಬಹುದು. ಕಾರಿನ ಬಗ್ಗೆ ಹೆಂಡತಿ ಫೋನಿನಲ್ಲಿ ಎಷ್ಟು ವಿಡಿಯೋ ನೋಡಿದ್ದಳೋ, ಭಾಷೆ ಅರ್ಥವಾಗದವನ್ನೂ ನೋಡಿದ್ದಳು. ಆದರೆ ಲಿವರು ಎಷ್ಟು ಎತ್ತರ, ಎಷ್ಟು ಹಿಂದೆ, ಎಷ್ಟು ಓರೆ ಇರಬೇಕು ಎಂದು ಯಾವ ವಿಡಿಯೋದಲ್ಲೂ ಇರಲಿಲ್ಲ.

ಒಂದು ಬೆಳಿಗ್ಗೆ ಕುತ್ತಿಗೆಗೆ ಟೇಪು ಹಾಕಿಕೊಂಡು ಬಂದು, "ಕೈ ಚಾಚಿ," ಎಂದಳು.

"ಎಂತಕ್ಕೆ?"

"ಅಳತೆ. ಸುಮ್ನೆ ಚಾಚಿ."

ಭುಜದಿಂದ ಮೊಣಕೈ, ಮೊಣಕೈಯಿಂದ ಬೆರಳ ತುದಿ, ಕೂತಾಗ ಸೊಂಟದಿಂದ ಭುಜ, ಬಲಗಾಲು ಚಾಚಿದಾಗ ಮೈ ಎಷ್ಟು ವಾಲುತ್ತದೆ, ಎಲ್ಲವನ್ನೂ ತೆಗೆದುಕೊಂಡು ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಂಡಳು. ಯಾರದೋ ರವಿಕೆಗೂ ಇನ್ಯಾರದೋ ಲಂಗಕ್ಕೂ ನಡುವೆ ನನ್ನ ಕ್ಲಚ್ಚು. ನಾನು ಕೊಂಕು ಆಡಿದೆ. ಅವಳು ಬಾಯಿಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬರೆಯುತ್ತಲೇ ಹೋದಳು.

ಅದಾಗಿ ನಾಲ್ಕೈದು ದಿನಕ್ಕೆ, ಮಧ್ಯಾಹ್ನ, ಭಾವ ಏನೋ ತರಲು ಕೊಪ್ಪಕ್ಕೆ ಹೋಗಿದ್ದರು. ಶೆಡ್ಡಿನಿಂದ ಟಕ್, ಟಕ್ ಎಂದು ಶಬ್ದ ಬರುತ್ತಿತ್ತು. ಏನೆಂದು ನೋಡಲು ಹೋದೆ. ಅವಳಿಗೆ ನಾನು ಕಾಣಲಿಲ್ಲ. ಡ್ರೈವರ್ ಸೀಟಿನಲ್ಲಿ ಹಳೆಯ ಮರದ ಹಲಗೆ ಹಾಕಿಕೊಂಡು ಕೂತಿದ್ದಳು. ತನ್ನ ಎಡಗಾಲನ್ನು ಮೊಣಕಾಲಿನಲ್ಲಿ ಹಿಂದಕ್ಕೆ ಮಡಚಿ, ನನ್ನ ಸ್ನಾನದ ಟವೆಲಿನಿಂದ ತೊಡೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಹಾಗೇ ಕೂತು ಲಿವರ್ ಎಳೆಯುವುದು, ಗೇರು ಹಾಕುವುದು, ಬಿಡುವುದು. ಮತ್ತೆ ಎಳೆಯುವುದು. ಎರಡು ಮೂರು ಸಲ ಆದ ಮೇಲೆ ಲಿವರಿನ ಬುಡದಲ್ಲಿ ಟೈಲರಿಂಗ್ ಚಾಕ್‌ಪೀಸಿನಿಂದ ಗೆರೆ ಎಳೆಯುವುದು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಒಂದು ಕಾಲಿಲ್ಲದ ಮೈ ಯಾವ ಕಡೆ ಜಾರುತ್ತದೆ, ಎಲ್ಲಿ ಆಸರೆ ಹುಡುಕುತ್ತದೆ ಎಂಬುದನ್ನು ತನ್ನ ಮೈಯಲ್ಲೇ ಹುಡುಕುತ್ತಿದ್ದಳು. ಕೊನೆಗೆ ಇಳಿಯಲು ಹೋದವಳು ಕಾಲು ಕಟ್ಟಿದ್ದನ್ನು ಮರೆತು ದೊಪ್ಪನೆ ನೆಲಕ್ಕೆ ಬಿದ್ದಳು. ಬಿದ್ದಲ್ಲೇ ಕೂತು ಒಬ್ಬಳೇ ನಗತೊಡಗಿದಳು.

ನಾನು ಮನೆಯೊಳಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಕಾಲು ಹೋದಾಗಲೂ ಹಾಗೆ ಅತ್ತವನಲ್ಲ. ಸಂಜೆ ಅವಳು ಹೊಲಿದ ಬಟ್ಟೆ ಕೊಟ್ಟು ಬರಲು ಅಂಗಡಿಗೆ ಹೋದ ಮೇಲೆ ಶೇವಿಂಗ್ ಡಬ್ಬಿಯಿಂದ ರೋಟರ್ ತೆಗೆದು, ಒರೆಸಿ, ಅದರ ಜಾಗದಲ್ಲಿ ನಾನೇ ಕೂರಿಸಿದೆ. ಮರುದಿನ ಭಾವ ಚಾವಿ ತಿರುಗಿಸಿದರು. ಎರಡು ಸಲ ಕೆಮ್ಮಿ ಮೂರನೆಯ ಸಲ ಎಂಜಿನ್ ಹಿಡಿದುಕೊಂಡಿತು. ಅದೇ ಹಳೆಯ ಶಬ್ದ. ಭಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಹೆಂಡತಿ ನನ್ನ ಕಡೆ ತಿರುಗಿ, "ಒಳ್ಳೆ ಇಲಿ," ಎಂದಷ್ಟೇ ಹೇಳಿ ಕಾಫಿ ಮಾಡಲು ಹೋದಳು.

ಆ ದಿನದಿಂದ ನಾನೂ ಶೆಡ್ಡಿಗೆ ಇಳಿದೆ. ಸ್ಟೂಲ್ ಹಾಕಿಕೊಂಡು ಕೂತು ಬಾಗಿಲ ಹಿಡಿಗಳನ್ನು, ಗ್ರಿಲ್ಲನ್ನು ಹುಣಸೆಹಣ್ಣಿನಿಂದ ತಿಕ್ಕಿದೆ. ಭಾವ ಹೇಳಿದ್ದನ್ನು ಮಾಡಿದೆ, ಹೇಳದ್ದಕ್ಕೂ ತಲೆ ಹಾಕಿ ಬೈಸಿಕೊಂಡೆ. ಹೆಂಡತಿ ಸೀಟುಗಳಿಗೆ ಹೊಸ ನಾರು ತುಂಬಿ ದಪ್ಪ ರೆಕ್ಸಿನ್ ಹೊಲಿದಳು. ಮೆಷಿನ್ನಿನ ಸೂಜಿ ಎಷ್ಟು ಮುರಿಯಿತೋ ಲೆಕ್ಕವಿಲ್ಲ. ಆದರೆ ಆ ಹೊಲಿಗೆ ಒಮ್ಮೆ ನೋಡಬೇಕು. ಅಂಚಿನ ಗೆರೆ ಬಾಗಿಲಿನಿಂದ ಬಾಗಿಲಿಗೆ ನೂಲು ಹಿಡಿದಂತೆ ನೇರ. ನನ್ನ ಕಡೆಯ ಸೀಟು ಮಾತ್ರ ಎಡಭಾಗದಲ್ಲಿ ಸ್ವಲ್ಪ ಎತ್ತರ, ಮೈ ಜಾರದಂತೆ.

ಇಷ್ಟು ಬುದ್ಧಿವಂತೆ ಒಂದು ದೊಡ್ಡ ತಪ್ಪನ್ನೂ ಮಾಡಿದಳು. ನೆಲಕ್ಕೆ ಚೊಗರು ಹಿಡಿದದ್ದು ನೋಡಿ ಧೈರ್ಯ ಬಂದು ಬಾನೆಟ್ಟು, ಡಿಕ್ಕಿ, ನಾಲ್ಕು ಬಾಗಿಲು, ಎಲ್ಲಿ ಪೇಂಟು ಎದ್ದಿತ್ತೋ ಅಲ್ಲೆಲ್ಲ ಎರಡು ಮೂರು ಕೈ ಬಳಿದಳು. ಮೇಲೆ ಪೇಂಟು ಹೊಡೆಯುವ ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು ಎಂದು ಭಾವ ಹೇಳಿದರು.

"ಚೊಗರು ಹಚ್ಚಿದ ಅಡಿಕೆನ ಯಾರಾದ್ರೂ ತೊಳೀತಾರಾ ಅಣ್ಣ? ಬಿಸಿಲಿಗೆ ಹಾಕ್ಬೇಕು," ಎಂದಳು.

ಅಡಿಕೆಯ ಮನೆಯಲ್ಲಿ ಹುಟ್ಟಿದ ಭಾವನಿಗೂ ಆ ಮಾತಿನಲ್ಲಿ ಹುಳುಕು ಕಾಣಲಿಲ್ಲ, ನನಗೂ ಕಾಣಲಿಲ್ಲ. ಬಾನೆಟ್ಟನ್ನೂ ಬಾಗಿಲುಗಳನ್ನೂ ಬಿಚ್ಚಿ ಅಂಗಳದಲ್ಲಿ ಚಾಪೆ ಹಾಸಿ ಮೂರು ದಿನ ಅಡಿಕೆಯಂತೆಯೇ ಒಣಗಿಸಿದೆವು. ಮಧ್ಯಾಹ್ನ ಮಗುಚಿಯೂ ಹಾಕಿದೆವು. ಆಮೇಲೆ ಭಾವ ಗನ್ನಿನಲ್ಲಿ ಬಿಳಿ ಪೇಂಟು ಹೊಡೆದರು. ಹಾಲಿನಂಥ ಕಾರು. ಬಾಳಗಡಿಯ ಜನ ನಿಂತು ನೋಡಿ ಹೋದರು. ಎಂಟು ದಿನಕ್ಕೆ ಬಿಳಿಯ ಅಡಿಯಿಂದ ಕಂದು ಬಣ್ಣ ಒಸರತೊಡಗಿತು. ಮೊದಲು ಬಾನೆಟ್ಟಿನ ಮೇಲೆ ಒಂದು ಕಲೆ, ಆಮೇಲೆ ಬಾಗಿಲುಗಳ ಮೇಲೆ ಉದ್ದುದ್ದ ಗೆರೆ. ಇಡೀ ಊರು ಸಾಲಾಗಿ ನಿಂತು ಎಲೆಯಡಿಕೆಯ ಕವಳ ಉಗಿದಂತೆ ಕಾಣುತ್ತಿತ್ತು ನನ್ನ ಗಾಡಿ.

ಭಾವ ತಲೆ ಮೇಲೆ ಕೈಹೊತ್ತು ಕೂತರು. ಮಳೆಗೆ ಇನ್ನು ಒಂದೂವರೆ ತಿಂಗಳೂ ಇರಲಿಲ್ಲ. ಹಿಂದಿನ ನಾನಾಗಿದ್ದರೆ ಕುಣಿದಾಡುತ್ತಿದ್ದೆ. ಈಗ ಹೆಗಲ ಮೇಲಿನ ಟವೆಲಿನಿಂದ ಕಲೆಯನ್ನು ಒರೆಸಿ ನೋಡಿದೆ, ಹೋಗಲಿಲ್ಲ. ಹೆಂಡತಿ ಕಾರಿನ ಸುತ್ತ ಎರಡು ಸುತ್ತು ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ಅಳಲಿಲ್ಲ. ಒಂದು ಕಲೆಯ ಮೇಲೆ ಬೆರಳಾಡಿಸಿ, "ಬಿಳಿ ಬೇಕು ಅಂತ ಯಾರು ಹೇಳಿದ್ದು? ಬಟ್ಟೆ ಮೇಲಿನ ಕಲೆ ಹೋಗ್ದಿದ್ರೆ ನಾವು ಇಡೀ ಬಟ್ಟೆಗೇ ಬಣ್ಣ ಹಾಕಿಸ್ತೀವಿ," ಎಂದಳು.

ಎಲ್ಲ ಕೆರೆದು ತೆಗೆದೆವು, ಮೂವರೂ ಸೇರಿ. ಈ ಸಲ ತೊಳೆದೆವು, ಏಳು ನೀರಿನಲ್ಲಿ. ಭಾವ ಚೊಗರಿನ ಕ್ಯಾನನ್ನು ಪಕ್ಕದಲ್ಲಿಟ್ಟುಕೊಂಡು ಕೆಂಪು, ಕಪ್ಪು, ಕಂದು ಪೇಂಟು ಬೆರೆಸುತ್ತಾ ಹೋದರು. ಹೆಂಡತಿ ಬೇಡ, ಬೇಡ, ಇನ್ನೂ ಸ್ವಲ್ಪ ಕೆಂಪು, ಸಾಕು ಎಂದಳು. ಒಳ್ಳೆಯ ಚೊಗರು ಹಿಡಿದ ಅಡಿಕೆಗೆ ಬಿಸಿಲಿನಲ್ಲಿ ಒಂದು ಮಿಂಚು ಬರುತ್ತದಲ್ಲ, ಅದೇ ಬಣ್ಣ, ಅದೇ ಮಿಂಚು. ನಾನು ಇಷ್ಟು ವರ್ಷದಲ್ಲಿ ನೂರಾರು ಕಾರು ಕಂಡಿದ್ದೇನೆ. ಅಷ್ಟು ಚಂದದ್ದನ್ನು ಕಂಡಿಲ್ಲ.

ಓಡಿಸುವುದು ಮಾತ್ರ ಉಳಿದಿತ್ತು. ಭಾನುವಾರ ಬೆಳಿಗ್ಗೆ ಭಾವ ಕಾರನ್ನು ಖಾಲಿ ಮೈದಾನಕ್ಕೆ ಒಯ್ದು ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ಗುಂಡಿ ಒತ್ತಿ ಲಿವರ್ ಬಿಟ್ಟೆ. ಗಾಡಿ ಎಮ್ಮೆಗರುವಿನಂತೆ ನೆಗೆದು ನಿಂತಿತು. ಮತ್ತೆ ಬಿಟ್ಟೆ, ಮತ್ತೆ ನೆಗೆಯಿತು. ಹತ್ತು ಸಲ. ನಾನು ಬಾಯಿಗೆ ಬಂದಂತೆ ಬೈದು ಇಳಿದೆ. ಹೆಂಡತಿ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದವಳು ಹತ್ತಿರ ಬಂದು, "ಅಂಗಾಲಲ್ಲಿ ಗೊತ್ತಾಗ್ತಿತ್ತು ಅಂತಿದ್ರಲ್ಲ, ಈಗ ಅಂಗೈಲಿ ಹುಡುಕಿ. ಅವಸರ ಎಂತಕ್ಕೆ?" ಎಂದಳು. ಭಾವ ಆ ವಾರ ಲಿವರಿನ ಹಲ್ಲುಗಳನ್ನು ಅರದಿಂದ ಉಜ್ಜಿ ಸಣ್ಣ ಮಾಡಿದರು. ಅವಳು ಹಿಡಿಗೆ ಒಂದು ಚರ್ಮದ ತುಂಡನ್ನು ಬಿಗಿಯಾಗಿ ಹೊಲಿದಳು. ಮೂರನೆಯ ಭಾನುವಾರ, ಎಲ್ಲಿ ಎಂದು ಹೇಳಲಾರೆ, ಅಂಗೈಯ ನಡುವೆ ಒಂದು ಜಾಗದಲ್ಲಿ ಕ್ಲಚ್ಚು ಹಿಡಿಯುವುದು ಗೊತ್ತಾಯಿತು. ಗಾಡಿ ಸದ್ದಿಲ್ಲದೆ ಹೊರಟಿತು. ನಾನು ಮೈದಾನಕ್ಕೆ ಏಳೆಂಟು ಸುತ್ತು ಹಾಕಿದೆ. ಭಾವ ಸಾಕು ಎಂದು ಕೈಬೀಸಿದರೂ ನಿಲ್ಲಿಸಲಿಲ್ಲ.

ಬದಲಾಯಿಸಿದ ಗಾಡಿಗೆ ಸಾರಿಗೆ ಇನ್ಸ್‌ಪೆಕ್ಟರ ಒಪ್ಪಿಗೆ ಬೇಕು. ಸಾರಿಗೆ ಇಲಾಖೆಯ ಕ್ಯಾಂಪಿನ ದಿನ ಭಾವ ಕಾರನ್ನು ಅಲ್ಲಿಗೆ ಮುಟ್ಟಿಸಿದರು. ಇನ್ಸ್‌ಪೆಕ್ಟರು ಸಣ್ಣ ವಯಸ್ಸಿನವರು. ಪಕ್ಕದಲ್ಲಿ ಕೂತು ಮುಂದೆ, ಹಿಂದೆ, ತಿರುವು ಎಲ್ಲ ನೋಡಿದರು. ಆಮೇಲೆ ಒಂದು ಏರಿನ ನಡುವೆ ನಿಲ್ಲಿಸಿ, "ಈಗ ಹೊರಡಿ, ಹಿಂದೆ ಜಾರಬಾರದು," ಎಂದರು. ಗಾಡಿ ಎರಡು ಅಡಿ ಹಿಂದೆ ಜಾರಿತು. ಅವರು, "ಇನ್ನೊಂದು ಸಲ," ಎಂದರು. ಬಲಗೈಯಲ್ಲಿ ಬಾಗಿಲ ಬದಿಯ ಹ್ಯಾಂಡ್ ಬ್ರೇಕ್ ಹಿಡಿದು, 'ಅವಸರ ಎಂತಕ್ಕೆ' ಎಂದು ನನಗೆ ನಾನೇ ಹೇಳಿಕೊಂಡು ಲಿವರನ್ನು ಬೆಣ್ಣೆ ತೆಗೆದಷ್ಟು ನಿಧಾನವಾಗಿ ಬಿಟ್ಟೆ. ಗಾಡಿ ಏರು ಹತ್ತಿತು.

"ಇದನ್ನ ಯಾವ ವರ್ಕ್‌ಶಾಪಲ್ಲಿ ಮಾಡಿಸಿದ್ದು?" ಎಂದು ಇನ್ಸ್‌ಪೆಕ್ಟರು ಲಿವರ್ ಮುಟ್ಟಿ ಕೇಳಿದರು.

"ಬೆಸುಗೆ ನಮ್ಮ ಭಾವಂದು ಸಾರ್. ಉಳಿದಿದ್ದೆಲ್ಲ ನನ್ನ ಹೆಂಡ್ತಿ ಮಾಡಿದ್ದು. ಟೈಲರ್ ಅವಳು. ಅಳತೆ ತಗೊಂಡು ಹೊಲಿದ ಹಾಗೆ ಮಾಡಿದಾಳೆ. ಇಂಥ ಕೆಲ್ಸ ಬೇರೆ ಯಾರ ಕೈಲೂ ಆಗಲ್ಲ," ಎಂದೆ. ಅವರು ಇಳಿದು ಹೋಗಿ ಅರ್ಜಿಯಲ್ಲಿ ಬಣ್ಣ ಬದಲಾದದ್ದನ್ನೂ ಬರೆದು ಸಹಿ ಹಾಕಿದರು.

ಕಾಗದ ಕೈಗೆ ಬಂದ ದಿನ ಆಕಾಶದಲ್ಲಿ ಮೋಡ ಕಟ್ಟಿತ್ತು, ಮಳೆ ಹಿಡಿದಿರಲಿಲ್ಲ. ಭಾವ ಊರಿಗೆ ಹೋಗಿದ್ದರು. ನಾನು ಕಾರನ್ನು ಶೆಡ್ಡಿನಿಂದ ಹೊರಗೆ ತಂದು ರಸ್ತೆಯ ಅಂಚಿನಲ್ಲಿ ನಿಲ್ಲಿಸಿ, "ಬಾ, ಹೋಗಣ," ಎಂದು ಕರೆದೆ. ಹೆಂಡತಿ ಸೀರೆ ಬದಲಾಯಿಸಿ, ಕೈಯಲ್ಲೊಂದು ಚೀಲ ಹಿಡಿದು ಬಂದಳು. ಬಂದವಳು ಹಿಂದಿನ ಬಾಗಿಲು ತೆಗೆದು, ಹಿಂದಿನ ಸೀಟಿನ ಮೂಲೆಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ನಾನು ತಿರುಗಿ ನೋಡಿದೆ. "ಅಲ್ಲೆಂತಕ್ಕೆ ಕೂತೆ?"

"ಮತ್ತೆಲ್ಲಿ ಕೂರೋದು?" ಎಂದಳು, ನಿಜವಾಗಿಯೂ ತಿಳಿಯದೆ.

ಈ ಕಾರಿನಲ್ಲಿ ನಾನು ಊರವರನ್ನೆಲ್ಲ ಹೊತ್ತಿದ್ದೇನೆ. ಅವಳು ಕೂತದ್ದನ್ನು ಬೆರಳಲ್ಲಿ ಎಣಿಸಬಹುದು. ಎನ್.ಆರ್.ಪುರಕ್ಕೆ ಬಾಡಿಗೆ ಸಿಕ್ಕಿ ಹಿಂದೆ ಜಾಗ ಉಳಿದಿದ್ದರೆ, ಗಿರಾಕಿಯನ್ನು ಒಂದು ಮಾತು ಕೇಳಿ, ಅವಳನ್ನು ಮೂಲೆಯಲ್ಲಿ ಕೂರಿಸಿ ತವರಿಗೆ ಬಿಡುತ್ತಿದ್ದೆ. ದಾರಿಯಲ್ಲಿ ಅವಳು ಮಾತಾಡಿದರೆ ಕನ್ನಡಿಯಲ್ಲಿ ಕಣ್ಣು ಕೆಂಪು ಮಾಡುತ್ತಿದ್ದೆ. ಮುಂದಿನ ಸೀಟು ಗಿರಾಕಿಯದು. ಆ ಸೀಟನ್ನು ಈಗ ಅವಳೇ ಹೊಲಿದಿದ್ದಳು, ನನ್ನ ಜಾಗದಲ್ಲಿ ಕಾಲು ಕಟ್ಟಿಕೊಂಡು ಕೂತಿದ್ದಳು. ಆದರೂ ಹೊರಡುವುದು ಎಂದಾಗ ಅವಳ ಕೈ ಹಿಂದಿನ ಬಾಗಿಲಿಗೇ ಹೋಯಿತು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಮುಂದೆ ಬಾ," ಎಂದೆ.

ಬಂದು ಕೂತಳು, ಹೊಸ ನೆಂಟರ ಮನೆಯಲ್ಲಿ ಕೂತವರ ಹಾಗೆ ಅಂಚಿನಲ್ಲಿ.

"ಎಲ್ಲಿಗೆ ಹೋಗಣ?"

"ಕೆರೆಕಟ್ಟೆಗೆ."

"ಕೆರೆಕಟ್ಟೇಲಿ ಎಂತ ಇದೆ? ಕಾಡು, ನಾಲ್ಕು ಮನೆ."

"ಎಂತ ಇದೆ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದಳು. "ಊಟಕ್ಕೆ ಕೂತಾಗೆಲ್ಲ ಕೆರೆಕಟ್ಟೆ ತಿರುವು, ಕೆರೆಕಟ್ಟೆ ಕಾಡು, ಅಲ್ಲಿ ಹಂಗೆ ಕಾಣ್ತದೆ, ಹಿಂಗೆ ಕಾಣ್ತದೆ ಅಂತ ಹೇಳ್ತಿದ್ರಿ. ಕೇಳಿ ಕೇಳಿ ಬಾಯಿಪಾಠ ಆಗಿದೆ. ನೋಡಿಲ್ಲ."

"ಇಷ್ಟು ವರ್ಷ ನಿನ್ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ ನಾನು," ಎಂದೆ.

"ಹೋಗ್ಲಿಲ್ಲ," ಎಂದಳು. ಸುಳ್ಳು ಸಮಾಧಾನ ಹೇಳುವವಳಲ್ಲ. ಚೀಲವನ್ನು ಕಾಲ ಬಳಿ ಇಟ್ಟು, "ಈಗ ಹೋಗ್ತಿದೀವಲ್ಲ. ರಸ್ತೆ ನೋಡಿ," ಎಂದಳು.

ಲಿವರ್ ಎಳೆದು ಗೇರು ಹಾಕಿದೆ. ಶೃಂಗೇರಿ ದಾಟಿ ಕಾಡಿನ ತಿರುವುಗಳು ಶುರುವಾದ ಮೇಲೆ ಅವಳು ಸೀಟಿನ ಅಂಚು ಬಿಟ್ಟು ಹಿಂದಕ್ಕೆ ಒರಗಿಕೊಂಡಳು. ಗಾಜು ಪೂರ್ತಿ ಇಳಿಸಿ, ಕೆರೆಕಟ್ಟೆ ಬರುವವರೆಗೂ ಹೊರಗೆ ನೋಡುತ್ತಾ ಕೂತಿದ್ದಳು.